ಪಿಎಸ್5, ಎಕ್ಸ್‌ಬಾಕ್ಸ್, ವಿಆರ್: ನಮ್ಮ ಬಿಸಿಲು ಸೀಮೆಯ ಮನೆಗೆ ಯಾವುದರ ಮೇಲೆ ರೊಕ್ಕ ಹಾಕಬೇಕು?

ಪಿಎಸ್5 ಎಂದರೆ ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಸೋನಿಯ ಯಂತ್ರ. ಅದರ ಕೈಪಿಡಿಯಲ್ಲಿ ಹೆಚ್ಚಿನವರು ಓದದೆ ಬಿಡುವ ಒಂದು ಸಾಲಿದೆ: ಯಂತ್ರ ಇಟ್ಟಿರುವ ಜಾಗದ ಬಿಸಿ 5ರಿಂದ 35 ಡಿಗ್ರಿ ಸೆಲ್ಸಿಯಸ್‌ ಒಳಗಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಹೊರಗಿನ ಬಿಸಿಲು 40 ದಾಟುವುದು ವಾಡಿಕೆ. ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ದಿನವಿಡೀ ಕಾದು, ಹೊತ್ತು ಮುಳುಗಿದ ಮೇಲೂ ಆ 35ರ ಗೆರೆಯ ಮೇಲೆಯೇ ಇರುತ್ತದೆ. ಬಳ್ಳಾರಿ, ಕೊಪ್ಪಳದಲ್ಲಿಯೂ ಹೆಚ್ಚು ವ್ಯತ್ಯಾಸವಿಲ್ಲ. ಕನ್ಸೋಲ್, ಅಂದರೆ ಇಂಥ ಆಟದ ಯಂತ್ರಗಳ ಹೋಲಿಕೆ ಎಂದರೆ ಎಲ್ಲರೂ ಟೆರಾಫ್ಲಾಪ್ಸ್ (ಚಿಪ್ಪಿನ ಲೆಕ್ಕದ ವೇಗ), ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಮಾತಾಡುತ್ತಾರೆ. ನಮ್ಮ ಮೂರು ಜಿಲ್ಲೆಗಳಲ್ಲಿ ಯಂತ್ರ ಐದು ವರ್ಷ ಬಾಳುತ್ತದೋ ಎರಡೇ ವರ್ಷಕ್ಕೆ ರಿಪೇರಿ ಅಂಗಡಿ ಸೇರುತ್ತದೋ ಎಂಬುದನ್ನು ತೀರ್ಮಾನಿಸುವುದು ಬಿಸಿ, ಧೂಳು ಮತ್ತು ಕರೆಂಟು. ಯಾವ ಮಾಡೆಲ್ ಕೊಳ್ಳಬೇಕು ಎಂಬುದನ್ನು ಬಹುಪಾಲು ನಿಮ್ಮ ಟಿವಿ ಮತ್ತು ನೆಟ್ ತೀರ್ಮಾನಿಸುತ್ತವೆ. ಆದ್ದರಿಂದ ಮೊದಲು ಟಿವಿಯಿಂದ ಶುರು ಮಾಡಬೇಕು.

ಟಿವಿ ನೋಡಿ ಕನ್ಸೋಲ್ ಆರಿಸಿ

ಮನೆಯಲ್ಲಿ 32 ಇಂಚಿನ ಎಚ್‌ಡಿ ರೆಡಿ ಟಿವಿ ಇದ್ದರೆ ಅದರ ಪರದೆಯಲ್ಲಿರುವುದು 1366×768 ಚುಕ್ಕೆಗಳು. 4ಕೆ, ಅಂದರೆ 3840×2160 ಚುಕ್ಕೆಗಳ ಚಿತ್ರ ತಯಾರಿಸುವ ಯಂತ್ರಕ್ಕೆ ಇದನ್ನು ಜೋಡಿಸಿದರೆ ಲೋಡಿಂಗ್ ವೇಗ ಸಿಗುತ್ತದೆ, ಚಿತ್ರದ ಸೊಗಸು ಸಿಗುವುದಿಲ್ಲ. ಇಂಥ ಟಿವಿ ಇನ್ನೂ ಎರಡು-ಮೂರು ವರ್ಷ ಬದಲಾಗುವುದಿಲ್ಲ ಎಂದಾದರೆ ಮೈಕ್ರೋಸಾಫ್ಟ್ ಕಂಪನಿಯ ಚಿಕ್ಕ ಕನ್ಸೋಲ್ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಸಾಕು. ಅದು 1440ಪಿ (2560×1440 ಚುಕ್ಕೆ) ಗುರಿಯಿಟ್ಟು ಮಾಡಿದ ಯಂತ್ರ, 10 ಜಿಬಿ ಮೆಮೊರಿ, ಆಟವಾಡುವಾಗ ಸುಮಾರು 75-80 ವ್ಯಾಟ್ ಮಾತ್ರ ಎಳೆಯುತ್ತದೆ. ಕಡಿಮೆ ವ್ಯಾಟ್ ಎಂದರೆ ಕೋಣೆಗೆ ಉಗುಳುವ ಬಿಸಿಯೂ ಕಡಿಮೆ, ಇನ್ವರ್ಟರ್ ಮೇಲೆ ಬೀಳುವ ಹೊರೆಯೂ ಕಡಿಮೆ. ಪಿಎಸ್5 ಭಾರಿ ಆಟಗಳಲ್ಲಿ 200 ವ್ಯಾಟ್ ಆಸುಪಾಸು ತಿನ್ನುತ್ತದೆ.

ಸೀರೀಸ್ ಎಸ್‌ನ ಕೊರತೆ ಬೇರೆ ಕಡೆ ಇದೆ. 512 ಜಿಬಿ ಮಾಡೆಲ್‌ನಲ್ಲಿ ಆಟಕ್ಕೆ ಸಿಗುವುದು 364 ಜಿಬಿ. ದೊಡ್ಡ ಆಟ ಮೂರು ಹಾಕಿದರೆ ತುಂಬಿತು. ಅದಕ್ಕೆ ಡಿಸ್ಕ್ ಡ್ರೈವ್ ಇಲ್ಲ, ಮುಂದೆ ಸೇರಿಸಲೂ ಬರುವುದಿಲ್ಲ. ಹಾಗಾಗಿ ಒಳ್ಳೆಯ ಫೈಬರ್ ಸಂಪರ್ಕ ಇಲ್ಲದ ಮನೆಗೆ ಅದನ್ನು ಒಯ್ಯಬೇಡಿ. ಅದರ ದೊಡ್ಡ ಮಾಡೆಲ್ ಸೀರೀಸ್ ಎಕ್ಸ್ ಶಕ್ತಿಯಲ್ಲಿ ಪಿಎಸ್5ಗೆ ಸರಿಸಾಟಿ, ಆದರೆ ನಮ್ಮ ಕಡೆ ಅದರ ಡಿಸ್ಕ್ ಸಿಗುವುದು ವಿರಳ, ಕೊಟ್ಟು ತಗೊಳ್ಳುವ ಗೆಳೆಯರೂ ಕಡಿಮೆ. ಗೇಮ್ ಪಾಸ್ (ಚಂದಾ ಕಟ್ಟಿ ಹಲವು ಆಟ ಆಡುವ ಮೈಕ್ರೋಸಾಫ್ಟ್ ಸೇವೆ) ಒಂದನ್ನೇ ನಂಬಿ ಆಡುವವರಿಗೆ ಮಾತ್ರ ಅದು ಸರಿ.

4ಕೆ ಟಿವಿ ಇದೆ ಅಥವಾ ಬರಲಿದೆ ಎಂದಾದರೆ ಪಿಎಸ್5 ಸ್ಲಿಮ್, ಅಂದರೆ ಪಿಎಸ್5ನ ನಂತರದ ಚಿಕ್ಕ ಮಾಡೆಲ್. ಇಲ್ಲಿ ಒಂದು ಎಚ್ಚರಿಕೆ: ಟಿವಿ ಡಬ್ಬಿಯ ಮೇಲೆ ‘4ಕೆ ಎಚ್‌ಡಿಆರ್’ ಎಂದು ಬರೆದ ಮಾತ್ರಕ್ಕೆ 120 ಹರ್ಟ್ಸ್ (ಸೆಕೆಂಡಿಗೆ 120 ಚಿತ್ರ ತೋರಿಸುವ ಶಕ್ತಿ) ಬರುವುದಿಲ್ಲ. ಎಚ್‌ಡಿಆರ್ ಎಂದರೆ ಬೆಳಕು-ಕತ್ತಲೆಯ ವ್ಯತ್ಯಾಸವನ್ನು ಹೆಚ್ಚಿಸಿ ತೋರಿಸುವ ಸೌಲಭ್ಯ. 43 ಇಂಚಿನ ಅಗ್ಗದ ಟಿವಿಗಳು ಬಹುತೇಕ 60 ಹರ್ಟ್ಸ್ ಪ್ಯಾನೆಲ್‌ನವು. ಪರದೆಯ ಬೆಳಕು ಕಡಿಮೆ ಇರುವುದರಿಂದ ಎಚ್‌ಡಿಆರ್ ಹಾಕಿದರೆ ಚಿತ್ರ ಇನ್ನೂ ಮಬ್ಬಾಗುವುದೂ ಉಂಟು. ಅಂಗಡಿಯಲ್ಲಿ ಟಿವಿಯ ಹಿಂಭಾಗ ತಿರುಗಿಸಿ ಎಚ್‌ಡಿಎಂಐ ಕಿಂಡಿಯ ಪಕ್ಕ 4ಕೆ 120 ಹರ್ಟ್ಸ್ ಎಂದು ಅಚ್ಚಾಗಿದೆಯೇ ನೋಡಿ. ಸಾಮಾನ್ಯವಾಗಿ ಎಲ್ಲ ಕಿಂಡಿಗಳಿಗೂ ಆ ಸೌಲಭ್ಯ ಇರುವುದಿಲ್ಲ. 60 ಹರ್ಟ್ಸ್ ಟಿವಿ ತಪ್ಪೇನಲ್ಲ. ಗೇಮ್ ಮೋಡ್ ಹಾಕಿಕೊಂಡರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಗುದ್ದು ಬೀಳುವುದಕ್ಕೂ ನಡುವಿನ ತಡ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಪಿಎಸ್5 ಪ್ರೋ 2024ರ ನವೆಂಬರ್‌ನಲ್ಲಿ ಬಂತು. ಸೋನಿ ಹೇಳಿದ್ದು ಚಿತ್ರ ಮೂಡಿಸುವ ವೇಗ 45 ಶೇಕಡಾದವರೆಗೆ ಹೆಚ್ಚು, 2 ಟಿಬಿ ಎಸ್‌ಎಸ್‌ಡಿ, (ಆಟ ತುಂಬಿಡುವ ವೇಗದ ಸಂಗ್ರಹ), ಡಿಸ್ಕ್ ಡ್ರೈವ್ ಪ್ರತ್ಯೇಕ. ಆಗ ಭಾರತಕ್ಕೆ ಬಿಡುಗಡೆಯಾಗಲಿಲ್ಲ, ಏಕೆಂದರೆ ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ಆಮದು ಮಾಡಿ ಮಾರುವವರ ಹತ್ತಿರ ಕೊಂಡರೆ ಅಮೆರಿಕದ ಬೆಲೆಯ (2024ರಲ್ಲಿ 700 ಡಾಲರ್ ಇತ್ತು) ಮೇಲೆ ಸುಂಕ, ಅವರ ಲಾಭ ಎಲ್ಲ ಸೇರುತ್ತದೆ, ಕೆಟ್ಟರೆ ಇಲ್ಲಿನ ಸರ್ವಿಸ್ ಸೆಂಟರ್ ಹೊಣೆ ಹೊರುವುದಿಲ್ಲ. ಒಳ್ಳೆಯ 55 ಇಂಚಿನ 120 ಹರ್ಟ್ಸ್ ಟಿವಿ ಇಲ್ಲದ ಮನೆಯಲ್ಲಿ ಪ್ರೋ ಕೊಡುವ ಹೆಚ್ಚುವರಿ ಸೊಗಸು ಕಾಣುವುದೇ ಕಷ್ಟ. ಆ ವ್ಯತ್ಯಾಸದ ಹಣದಲ್ಲಿ ಟಿವಿ ಬದಲಿಸಿದರೆ ಸಾದಾ ಪಿಎಸ್5ನಲ್ಲಿಯೇ ಹೆಚ್ಚು ಕಾಣುತ್ತದೆ.

ಡಿಸ್ಕ್ ಇರುವುದೋ, ಇಲ್ಲದ್ದೋ

2024ರ ಏಪ್ರಿಲ್‌ನಲ್ಲಿ ಸ್ಲಿಮ್ ಇಲ್ಲಿಗೆ ಬಂದಾಗ ಡಿಸ್ಕ್ ಇರುವುದು 54,990, ಡಿಜಿಟಲ್ (ಡಿಸ್ಕ್ ಡ್ರೈವ್ ಇಲ್ಲದ್ದು) 44,990 ರೂಪಾಯಿ ಇತ್ತು. ಬೆಲೆ ಏರಿಳಿಯುತ್ತಿರುತ್ತದೆ, ನಡುವಿನ ಅಂತರವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ: ಆಗ ಅದು ಹತ್ತು ಸಾವಿರ. ಹೊಸ ದೊಡ್ಡ ಆಟವೊಂದು ಡಿಜಿಟಲ್ ಅಂಗಡಿಯಲ್ಲಿ ನಾಲ್ಕೈದು ಸಾವಿರಕ್ಕೆ ಬರುತ್ತದೆ, ಆಡಿ ಮುಗಿಸಿದರೆ ಅದು ನಿಮ್ಮ ಖಾತೆಯಲ್ಲೇ ಸುಮ್ಮನೆ ಕೂಡುತ್ತದೆ. ಡಿಸ್ಕ್ ಆದರೆ ಮುಗಿಸಿದ ಮೇಲೆ ಮಾರಬಹುದು, ಅದಲುಬದಲು ಮಾಡಿಕೊಳ್ಳಬಹುದು, ಬೆಂಗಳೂರು-ಹೈದರಾಬಾದಿನಿಂದ ಕೊರಿಯರ್‌ನಲ್ಲಿ ಹಳೇ ಡಿಸ್ಕ್ ತರಿಸಬಹುದು. ವರ್ಷಕ್ಕೆ ನಾಲ್ಕೈದು ಆಟ ಮುಗಿಸುವವರಿಗೆ ಎರಡು ವರ್ಷದೊಳಗೆ ಆ ಹತ್ತು ಸಾವಿರ ಮರಳಿ ಬರುತ್ತದೆ. ಪಿಎಸ್4ನ ಹಳೇ ಡಿಸ್ಕ್‌ಗಳೂ ಬಹುತೇಕ ಪಿಎಸ್5ನಲ್ಲಿ ಓಡುತ್ತವೆ.

ನೆಟ್ ಲೆಕ್ಕವೂ ಡಿಸ್ಕ್ ಪರವೇ. 100 ಜಿಬಿ ಆಟ ಇಳಿಸಲು 40 ಎಂಬಿಪಿಎಸ್ ಫೈಬರ್‌ನಲ್ಲಿ ಐದೂವರೆ ತಾಸು, 100 ಎಂಬಿಪಿಎಸ್‌ನಲ್ಲಿ ಎರಡು ಕಾಲು ತಾಸು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನ ಹಾಟ್‌ಸ್ಪಾಟ್‌ನಲ್ಲಿ ಐವತ್ತು ದಿನ. ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ಊರುಗಳ ಒಳಗೆ ಫೈಬರ್ ಸಿಕ್ಕರೂ ಸುತ್ತಲಿನ ಕ್ಯಾಂಪುಗಳಲ್ಲಿ, ಹಳ್ಳಿಗಳಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ಆದರೆ ಡಿಸ್ಕ್ ಇದ್ದರೆ ನೆಟ್ಟೇ ಬೇಡ ಎಂದೂ ತಿಳಿಯಬಾರದು. ಕೆಲವು ಆಟಗಳ ಡಿಸ್ಕ್‌ನಲ್ಲಿ ಆಟ ಪೂರ್ತಿ ಇರುವುದಿಲ್ಲ, ಹಾಕಿದ ಮೇಲೆ ಹತ್ತಾರು ಜಿಬಿ ಇಳಿಸಿಕೊಳ್ಳುತ್ತದೆ. ಕೊಳ್ಳುವ ಮೊದಲು ಕವರ್‌ನ ಮುಂಭಾಗ ಹಿಂಭಾಗ ಎರಡರಲ್ಲೂ ‘ಇಂಟರ್‌ನೆಟ್ ಬೇಕು’ ಎಂಬ ಸೂಚನೆ ಇದೆಯೇ ಓದಿ.

ಸ್ಲಿಮ್ ಡಿಜಿಟಲ್‌ಗೆ ಮುಂದೆ ಡಿಸ್ಕ್ ಡ್ರೈವ್ ಕೊಂಡು ಸಿಕ್ಕಿಸಬಹುದು. ಮೊದಲ ಸಲ ಜೋಡಿಸುವಾಗ ನೆಟ್ ಇರಲೇಬೇಕು. 2020ರ ಹಳೇ ಡಿಜಿಟಲ್ ಮಾಡೆಲ್‌ಗೆ ಈ ಅವಕಾಶ ಇಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಎರಡರ ನಡುವೆ ಗೊಂದಲ ಮಾಡಿಕೊಳ್ಳುತ್ತಾರೆ. ಪಕ್ಕದ ಬಿಳಿ ಕವರ್ ಮಧ್ಯದಲ್ಲಿ ಸೀಳಿ ಎರಡು ತುಂಡಾಗಿದ್ದರೆ ಅದು ಸ್ಲಿಮ್, ಒಂದೇ ತುಂಡಾಗಿದ್ದರೆ ಹಳೆಯದು.

ಕರೆಂಟು, ಬಿಸಿ, ಧೂಳು

ಬಜೆಟ್ ಅರವತ್ತು ಸಾವಿರ ಇದ್ದರೆ ಅದರಲ್ಲಿ ಐದಾರು ಸಾವಿರವನ್ನು ಕರೆಂಟು, ಬಿಸಿ, ಧೂಳಿನಿಂದ ಯಂತ್ರ ಕಾಪಾಡುವುದಕ್ಕೇ ತೆಗೆದಿಡಿ. ಎರಡನೇ ಕಂಟ್ರೋಲರ್ ಆಮೇಲೆ ಬಂದರೂ ನಡೆಯುತ್ತದೆ.

ಕನ್ಸೋಲ್‌ಗಳ ಪವರ್ ಸಪ್ಲೈ ವೋಲ್ಟೇಜ್ ಸ್ವಲ್ಪ ಇಳಿದರೆ ತಡೆದುಕೊಳ್ಳುತ್ತದೆ, ಪಿಎಸ್5 100ರಿಂದ 240 ವೋಲ್ಟ್‌ವರೆಗೆ ನಡೆಯುವಂಥದ್ದು. ಕಷ್ಟ ಕೊಡುವುದು ದಿಢೀರ್ ಕರೆಂಟ್ ಹೋಗಿ ಬರುವುದು, ಬಂದಾಗ ಒಂದು ಕ್ಷಣ ಏರುವ ವೋಲ್ಟೇಜ್, ಮತ್ತು ಮುಂಗಾರಿಗೆ ಮೊದಲಿನ ಗುಡುಗು-ಸಿಡಿಲಿನ ಸಂಜೆಗಳು. ಆಟ ಬರೆದುಕೊಳ್ಳುತ್ತಿರುವಾಗ ಕರೆಂಟ್ ಹೋದರೆ ಮುಂದಿನ ಸಲ ಯಂತ್ರ ‘ಸ್ಟೋರೇಜ್ ರಿಪೇರಿ’ ಮಾಡಲು ಕೂಡುತ್ತದೆ. ಬಹುತೇಕ ಸಲ ಸರಿಹೋಗುತ್ತದೆ, ಕೆಲವೊಮ್ಮೆ ಸೇವ್ ಫೈಲ್ ಹಾಳಾಗುತ್ತದೆ. ಆದ್ದರಿಂದ ಕರೆಂಟ್ ನಂಬಿಕೆ ಇಲ್ಲದ ಬಡಾವಣೆಯಲ್ಲಿ ರೆಸ್ಟ್ ಮೋಡ್ (ಪೂರ್ತಿ ಆಫ್ ಆಗದೆ ನಿದ್ದೆಯಲ್ಲಿರುವ ಸ್ಥಿತಿ) ಬಳಸಬೇಡಿ, ಆಡಿದ ಮೇಲೆ ಪೂರ್ತಿ ಆಫ್ ಮಾಡಿ.

ಸ್ಟೆಬಿಲೈಸರ್ ಕೊಳ್ಳಬೇಕೋ ಯುಪಿಎಸ್ ಕೊಳ್ಳಬೇಕೋ ಎಂದು ಕೇಳಿದರೆ ಯುಪಿಎಸ್. ಸ್ಟೆಬಿಲೈಸರ್ ಕರೆಂಟ್ ಹೋದಾಗ ಏನೂ ಮಾಡಲಾರದು. ಪಿಎಸ್5ಗೆ 200 ವ್ಯಾಟ್, 43 ಇಂಚಿನ ಟಿವಿಗೆ 100 ಎಂದು ಹಿಡಿದರೆ 300 ವ್ಯಾಟ್. ಕಂಪ್ಯೂಟರ್‌ಗೆ ಬಳಸುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್, ತೀರಾ ಅಂಚಿನಲ್ಲಿರುತ್ತದೆ, ಬ್ಯಾಟರಿ ವರ್ಷ ಹಳೆಯದಾದರೆ ಕರೆಂಟ್ ಹೋದ ಕೂಡಲೇ ಅದೂ ಕೈ ಎತ್ತುತ್ತದೆ. 1000 ವಿಎ, ಅಂದರೆ ಸುಮಾರು 600 ವ್ಯಾಟ್‌ನದ್ದು ತೆಗೆದುಕೊಂಡರೆ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ನೆಮ್ಮದಿಯಾಗಿ ಸಿಗುತ್ತದೆ. ರೌಟರ್‌ನ್ನೂ ಅದಕ್ಕೇ ಜೋಡಿಸಿ.

ಮನೆಗೆ ಈಗಾಗಲೇ ಇನ್ವರ್ಟರ್ ಇದ್ದರೆ ಎರಡು ವಿಷಯ ನೋಡಿ. ಒಂದು, ಅದು ಸೈನ್ ವೇವ್ ಆಗಿರಬೇಕು. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಪವರ್ ಸಪ್ಲೈ ಗುಂಯ್‌ಗುಟ್ಟುತ್ತದೆ, ಹೆಚ್ಚು ಕಾಯುತ್ತದೆ. ಎರಡು, ಹಿಂಭಾಗದ ಸ್ವಿಚ್ಚನ್ನು ‘ಯುಪಿಎಸ್ ಮೋಡ್’ಗೆ ಹಾಕಿರಬೇಕು. ಸಾದಾ ಮೋಡ್‌ನಲ್ಲಿ ಬದಲಾವಣೆ ನಿಧಾನ, ಫ್ಯಾನು ದೀಪಕ್ಕೆ ಅದು ತಿಳಿಯುವುದಿಲ್ಲ, ಕನ್ಸೋಲ್ ಮಾತ್ರ ಆಫ್ ಆಗಿ ಹೋಗುತ್ತದೆ. 150 ಎಎಚ್ ಬ್ಯಾಟರಿಯಲ್ಲಿ 300 ವ್ಯಾಟ್ ಕನ್ಸೋಲ್-ಟಿವಿ ಜೊತೆ ಎರಡು ಫ್ಯಾನು, ದೀಪ ಓಡಿಸಿದರೆ ಎರಡು-ಎರಡೂವರೆ ತಾಸಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ.

ಸಿಡಿಲಿನ ಸಮಯದಲ್ಲಿ ಪ್ಲಗ್ ಕಿತ್ತರೆ ಸಾಲದು. ಡಿಶ್ ಅಥವಾ ಕೇಬಲ್ ವೈರಿನಿಂದ ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಕನ್ಸೋಲ್‌ಗೆ ಏರು ವೋಲ್ಟೇಜ್ ದಾಟುತ್ತದೆ. ಯಂತ್ರ ಆನ್ ಆಗುತ್ತದೆ, ದೀಪ ಬೆಳಗುತ್ತದೆ, ಚಿತ್ರ ಮಾತ್ರ ಬರುವುದಿಲ್ಲ ಎಂದರೆ ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಎಚ್‌ಡಿಎಂಐ ಕಿಂಡಿ ಅಥವಾ ಅದರ ಐಸಿ ಸುಟ್ಟಿದೆ ಎಂದು ಅನುಮಾನಿಸಬೇಕು. ಗುಡುಗು ಶುರುವಾದರೆ ಡಿಶ್ ವೈರನ್ನೂ ಬಿಚ್ಚಿಡಿ.

ಬಿಲ್ ವಿಚಾರ: ದಿನಕ್ಕೆ ಎರಡು ತಾಸು ಆಡಿದರೆ ಕನ್ಸೋಲ್ ಒಂದಕ್ಕೇ ತಿಂಗಳಿಗೆ 12 ಯೂನಿಟ್, ಟಿವಿ ಸೇರಿ 18. ಗೃಹಜ್ಯೋತಿಯಲ್ಲಿರುವ ಮನೆ ಬೇಸಿಗೆಯಲ್ಲಿ ಕೂಲರ್ ಓಡಿಸಿ 190ರ ಹತ್ತಿರ ನಿಂತಿದ್ದರೆ ಈ 18 ಯೂನಿಟ್ಟೇ 200ರ ಗೆರೆ ದಾಟಿಸಿ ಜೆಸ್ಕಾಂನ ಪೂರ್ತಿ ಬಿಲ್ ತರಿಸಬಹುದು. ಕನ್ಸೋಲ್ ತರುವ ಮೊದಲು ಕಳೆದ ಏಪ್ರಿಲ್-ಮೇ ಬಿಲ್ ತೆಗೆದು ನೋಡಿ.

ಇನ್ನು ಧೂಳು. ತೋರಣಗಲ್ಲು, ಸಂಡೂರು ಕಡೆ ಅದಿರಿನ ಕೆಂಪು ಧೂಳು, ಕೊಪ್ಪಳದ ಗಿಣಿಗೇರಾ ಸುತ್ತ ಕಾರ್ಖಾನೆಯ ಕಪ್ಪು ಬೂದಿ, ಗಂಗಾವತಿ-ಸಿಂಧನೂರಿನಲ್ಲಿ ರೈಸ್ ಮಿಲ್ಲಿನ ಹೊಟ್ಟು, ರಾಯಚೂರಿನಲ್ಲಿ ಹತ್ತಿ ಮಿಲ್ಲಿನ ಎಳೆ. ಪುಡಿ ಧೂಳು ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಹೊರಹಾಕುವ ಲೋಹದ ಭಾಗ) ರೆಕ್ಕೆಗಳ ಸಂದಿಯಲ್ಲಿ ಕೂಡುತ್ತದೆ, ಹತ್ತಿ ಎಳೆ ಫ್ಯಾನಿಗೆ ಸುತ್ತಿಕೊಳ್ಳುತ್ತದೆ. ಗಾಳಿ ಓಡದೆ ಚಿಪ್ ಕಾದು, ಫ್ಯಾನ್ ಜೋರಾಗಿ ಕೂಗಿ, ಕೊನೆಗೆ ‘ತುಂಬಾ ಬಿಸಿಯಾಗಿದೆ’ ಎಂದು ಆಟ ನಿಲ್ಲುತ್ತದೆ. ಗೋಡೆಯ ಗೂಡಿನಲ್ಲಿ, ಗಾಜಿನ ಬಾಗಿಲಿನ ಶೋಕೇಸ್‌ನಲ್ಲಿ ಇಡಬೇಡಿ. ನಾಲ್ಕೂ ಕಡೆ ಕನಿಷ್ಠ ಒಂದು ಗೇಣು ಜಾಗ ಬಿಡಿ, ನೆಲದಿಂದ ಎರಡಡಿ ಮೇಲಿಡಿ. ಬಟ್ಟೆ ಹೊದಿಸುವುದಾದರೆ ಆಫ್ ಮಾಡಿ ಆರಿದ ಮೇಲೆ ಮಾತ್ರ. ಏರ್ ಕೂಲರ್‌ನ ತೇವದ ಗಾಳಿಯನ್ನು ನೇರ ಯಂತ್ರದ ಮೇಲೆ ಬಿಡುವ ರೂಢಿ ಇದೆ, ಅದು ಕೆಡುಕು: ಒಳಗಿನ ಧೂಳು ತೇವಕ್ಕೆ ಕೆಸರಿನಂತೆ ರೆಕ್ಕೆಗಳಿಗೆ ಮೆತ್ತಿಕೊಳ್ಳುತ್ತದೆ. ಕೂಲರ್ ಆಡುವವರ ಕಡೆ ಇರಲಿ, ಯಂತ್ರಕ್ಕೆ ಸೀಲಿಂಗ್ ಫ್ಯಾನಿನ ಗಾಳಿ ಸಾಕು.

ಮೂರು ತಿಂಗಳಿಗೊಮ್ಮೆ ಪಿಎಸ್5ನ ಬಿಳಿ ಕವರ್ ತೆಗೆದು ಧೂಳು ಸೇರಲೆಂದೇ ಕೊಟ್ಟಿರುವ ರಂಧ್ರಗಳಿಗೆ ವ್ಯಾಕ್ಯೂಮ್ ಹಿಡಿಯಿರಿ. ಆಗ ಫ್ಯಾನು ತಿರುಗದಂತೆ ಒಂದು ಕಡ್ಡಿಯಿಂದ ತಡೆದಿರಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಖಂಡಿತ ಬೇಡ, ಅದರಲ್ಲಿ ನೀರಿನ ಹನಿ ಇರುತ್ತದೆ, ಧೂಳನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಇದಕ್ಕಿಂತ ಆಳಕ್ಕೆ ಬಿಚ್ಚುವ ಕೆಲಸ ಮೊಬೈಲ್ ರಿಪೇರಿ ಅಂಗಡಿಗೆ ಕೊಡಬೇಡಿ. ಪಿಎಸ್5 ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಇರುವುದು ಸಾದಾ ಪೇಸ್ಟ್ ಅಲ್ಲ, ದ್ರವ ಲೋಹ. ಅದು ಕರೆಂಟ್ ಹರಿಸುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಜಾರಿದರೆ ಇಡೀ ಬೋರ್ಡ್ ಹೋಗುತ್ತದೆ. ‘ದ್ರವ ಲೋಹದ ಕೆಲಸ ಮಾಡಿದ್ದೀರಾ’ ಎಂದು ಕೇಳಿ, ಉತ್ತರ ತಡವರಿಸಿದರೆ ಡಬ್ಬಿ ಎತ್ತಿಕೊಂಡು ಬನ್ನಿ.

ಅಪ್‌ಗ್ರೇಡ್: ಎಸ್‌ಎಸ್‌ಡಿ

ಹಳೇ ಪಿಎಸ್5ನಲ್ಲಿ 825 ಜಿಬಿ ಎಂದಿದ್ದರೂ ಆಟಕ್ಕೆ ಉಳಿಯುವುದು 667. ಜಾಗ ಸಾಲದಾದಾಗ ಎರಡು ದಾರಿ. ನೆಟ್ ನಿಧಾನ ಇದ್ದು, ಹಣ ಕಡಿಮೆ ಇದ್ದರೆ ಮನೆಯಲ್ಲಿರುವ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಜೋಡಿಸಿ. ಅದರಿಂದ ಪಿಎಸ್5 ಆಟ ಆಡಲು ಬರುವುದಿಲ್ಲ, ಇಟ್ಟುಕೊಂಡು ಬೇಕಾದಾಗ ಒಳಕ್ಕೆ ನಕಲು ಮಾಡಬಹುದು. ಮತ್ತೆ 100 ಜಿಬಿ ಇಳಿಸುವುದಕ್ಕಿಂತ ಅದು ಎಷ್ಟೋ ಬೇಗ. ಪಿಎಸ್4 ಆಟಗಳು ನೇರವಾಗಿ ಅದರಿಂದಲೇ ಓಡುತ್ತವೆ.

ಸರಿಯಾದ ಅಪ್‌ಗ್ರೇಡ್ ಎಂದರೆ ಒಳಗಿನ ಎಂ.2 ಎಸ್‌ಎಸ್‌ಡಿ. ಪಿಸಿಐಇ ಜೆನ್ 4 ಎನ್‌ವಿಎಂಇ ಆಗಿರಬೇಕು, ಜೆನ್ 3 ನಡೆಯುವುದಿಲ್ಲ, ಎಸ್‌ಎಟಿಎ ಕೂಡ ಇಲ್ಲ. ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು ಎಂಬುದು ಸೋನಿಯ ಸಲಹೆ, 8 ಟಿಬಿವರೆಗೆ ಹಾಕಬಹುದು. ಹೀಟ್‌ಸಿಂಕ್ ಕಡ್ಡಾಯ, ಎಲ್ಲ ಸೇರಿ ದಪ್ಪ 11.25 ಮಿಲಿಮೀಟರ್ ಮೀರಬಾರದು. ಪಿಸಿಗೆ ಮಾಡಿದ ಎತ್ತರದ ಹೀಟ್‌ಸಿಂಕ್ ಇರುವುದನ್ನು ತಂದರೆ ಮೇಲಿನ ತಗಡು ಮುಚ್ಚುವುದಿಲ್ಲ.

ಸಿಸ್ಟಮ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಪೂರ್ತಿ ಆಫ್ ಮಾಡಿ, ಎಲ್ಲ ವೈರು ಕಿತ್ತು ಆರಲು ಬಿಡಿ. ಡಿಸ್ಕ್ ಡ್ರೈವ್ ಇಲ್ಲದ ಬದಿಯ ಕವರ್ ತೆಗೆಯಿರಿ. ಉದ್ದನೆಯ ತಗಡಿನ ಮುಚ್ಚಳದ ಸ್ಕ್ರೂ ಬಿಚ್ಚಲು ಒಂದನೇ ನಂಬರಿನ ಪ್ಲಸ್ ಸ್ಕ್ರೂ ಡ್ರೈವರ್ ಬೇಕು. ಸಣ್ಣದರಲ್ಲಿ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಕೂಡುತ್ತದೆ. ಒಳಗೆ ಒಂದು ಸ್ಕ್ರೂ ಮತ್ತು ಅದರ ಕೆಳಗೆ ಸಣ್ಣ ಬಳೆಯಂಥ ಸ್ಪೇಸರ್ ಇದೆ. ಸಾಮಾನ್ಯ ಎಸ್‌ಎಸ್‌ಡಿ 80 ಮಿಲಿಮೀಟರ್ ಉದ್ದ, ಆ ಸ್ಪೇಸರನ್ನು 80ರ ಗುರುತಿಗೆ ಸರಿಸಬೇಕು. ಬಹಳ ಜನ ಎಡವುವುದು ಇಲ್ಲೇ: ಅದನ್ನು 110ರಲ್ಲೇ ಬಿಟ್ಟು ಸ್ಕ್ರೂ ಹಿಡಿಯುತ್ತಿಲ್ಲ ಎನ್ನುತ್ತಾರೆ. ಎಸ್‌ಎಸ್‌ಡಿಯನ್ನು ಓರೆಯಾಗಿ, ಚಿನ್ನದ ಬಣ್ಣದ ಹಲ್ಲು ಪೂರ್ತಿ ಒಳಹೋಗುವಂತೆ ತಳ್ಳಿ, ಮಲಗಿಸಿ, ಸ್ಕ್ರೂ ಹಾಕಿ, ತಗಡು ಮುಚ್ಚಿ. ಆನ್ ಮಾಡಿದ ಕೂಡಲೇ ಫಾರ್ಮ್ಯಾಟ್ ಕೇಳುತ್ತದೆ, ಅದು ಮುಗಿದ ಮೇಲೆ ವೇಗ ತೋರಿಸುತ್ತದೆ. ಫಾರ್ಮ್ಯಾಟ್ ಕೇಳಲಿಲ್ಲ ಎಂದರೆ ಹಲ್ಲು ಪೂರ್ತಿ ಕೂತಿಲ್ಲ, ಮತ್ತೆ ತೆಗೆದು ಹಾಕಿ. ಎಕ್ಸ್‌ಬಾಕ್ಸ್‌ಗೆ ಈ ರಗಳೆ ಇಲ್ಲ, ಹಿಂಭಾಗದಲ್ಲಿ ಕಾರ್ಡ್ ಸಿಕ್ಕಿಸಿದರೆ ಆಯಿತು, ಆದರೆ ಅದಕ್ಕೆಂದೇ ಮಾಡಿದ ಕಾರ್ಡ್ ಮಾತ್ರ ಹಿಡಿಯುತ್ತದೆ, ಅಷ್ಟೇ ಜಿಬಿಗೆ ಬೆಲೆ ಹೆಚ್ಚು.

ಕಂಟ್ರೋಲರ್ ಬಗ್ಗೆ ಒಂದೇ ಮಾತು: ಪಿಎಸ್5ನ ಕಂಟ್ರೋಲರ್ ಆದ ಡ್ಯುಯಲ್‌ಸೆನ್ಸ್‌ನ ಕಡ್ಡಿ ಮುಟ್ಟದೆಯೇ ಪಾತ್ರ ತಾನಾಗಿ ನಡೆಯತೊಡಗಿದರೆ ಒಳಗಿನ ಕಾರ್ಬನ್ ಪಟ್ಟಿ ಸವೆದಿದೆ ಅಥವಾ ಧೂಳು ಕೂತಿದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ ಬಿಟ್ಟು ತಿರುಗಿಸಿದರೆ ಧೂಳಿನದ್ದು ಹೋಗುತ್ತದೆ, ಸವೆದದ್ದು ಹೋಗುವುದಿಲ್ಲ. ಕಡ್ಡಿಯ ಭಾಗ ಬದಲಿಸುವುದು ಒಳ್ಳೆಯ ಬೆಸುಗೆ ಕೈಯವರಿಗೆ ಸಾಧ್ಯ, ಹಾಕಿಸುವುದಾದರೆ ಮ್ಯಾಗ್ನೆಟ್‌ನಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಕಡ್ಡಿಯನ್ನೇ ಹಾಕಿಸಿ.

ವಿಆರ್ ಬೇಕೇ?

ವಿಆರ್ ಎಂದರೆ ಆಟದ ಲೋಕದ ಒಳಗೇ ಇದ್ದಂತೆ ಕಾಣಿಸುವ, ತಲೆಗೆ ಹಾಕಿಕೊಳ್ಳುವ ಹೆಡ್‌ಸೆಟ್. ಇಲ್ಲಿ ಎರಡು ಬಗೆ. ಪಿಎಸ್ ವಿಆರ್2ಗೆ ಪಿಎಸ್5 ಬೇಕು (ಪ್ರತ್ಯೇಕ ಅಡಾಪ್ಟರ್ ಕೊಂಡರೆ ಪಿಸಿಗೂ ಜೋಡಿಸಬಹುದು), ಒಂದೇ ಕೇಬಲ್‌ನಿಂದ ಜೋಡಿಸುತ್ತದೆ, ಒಂದೊಂದು ಕಣ್ಣಿಗೆ 2000×2040 ಚುಕ್ಕೆಗಳ ಓಎಲ್‌ಇಡಿ, ಕತ್ತಲ ದೃಶ್ಯಗಳು ಅದ್ಭುತ. 2023ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಬಂದಾಗ 550 ಡಾಲರ್, ಅಂದರೆ ಪಿಎಸ್5ಗಿಂತಲೂ ಹೆಚ್ಚು. 2025ರಲ್ಲಿ 400ಕ್ಕೆ ಇಳಿಸಿದರು. ಹಳೇ ಪಿಎಸ್ ವಿಆರ್ ಆಟಗಳು ಇದರಲ್ಲಿ ಓಡುವುದಿಲ್ಲ, ಹೊಸ ದೊಡ್ಡ ಆಟಗಳೂ ಬೆರಳೆಣಿಕೆ. ಮೆಟಾ ಕ್ವೆಸ್ಟ್ 3 ಮತ್ತು 3ಎಸ್‌ಗೆ ಕನ್ಸೋಲ್ ಬೇಡ, ವೈರೂ ಇಲ್ಲ, ಬ್ಯಾಟರಿ ಎರಡು ತಾಸಿನ ಆಸುಪಾಸು. 3ಎಸ್ ಅಗ್ಗ, ಅದರ ಲೆನ್ಸ್ ಹಳೇ ಮಾದರಿಯದು, ಅಂಚಿನಲ್ಲಿ ಮಸುಕು. ಎರಡರಲ್ಲೂ ಒಳಗಿರುವ ಚಿಪ್ ಒಂದೇ. ಆಟಗಳ ಸಂಖ್ಯೆ, ಬಳಸುವ ಸುಲಭ ನೋಡಿದರೆ ಮೊದಲ ವಿಆರ್ ಆಗಿ ಕ್ವೆಸ್ಟ್ 3ಎಸ್ ಹೆಚ್ಚು ಅರ್ಥಪೂರ್ಣ. ಮೊಬೈಲ್ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿಗಳನ್ನು ಇದಕ್ಕೆ ಹೋಲಿಸಲೇಬೇಡಿ. ಅವು ತಲೆ ತಿರುಗಿಸಿದ್ದನ್ನು ಮಾತ್ರ ತಿಳಿಯುತ್ತವೆ, ನೀವು ಮುಂದೆ ಬಾಗಿದ್ದು, ಹೆಜ್ಜೆ ಇಟ್ಟಿದ್ದು ತಿಳಿಯುವುದಿಲ್ಲ, ಅದಕ್ಕೇ ತಲೆ ಸುತ್ತುತ್ತದೆ.

ಮನೆ ವಿಆರ್‌ಗೆ ಹೊಂದುತ್ತದೆಯೇ ಎಂದು ಟೇಪ್ ಹಿಡಿದು ಅಳೆಯಿರಿ. ನಿಂತು ಆಡಲು 1×1 ಮೀಟರ್ ಸಾಕು, ನಡೆದಾಡಿ ಆಡಲು 2×2, ಅಂದರೆ ಆರೂವರೆ ಅಡಿ ಚೌಕ ಪೂರ್ತಿ ಖಾಲಿ ಬೇಕು. ಹತ್ತಡಿ ಕೋಣೆಯಲ್ಲಿ ಮಂಚ ಹೋದರೆ ಅಷ್ಟು ಉಳಿಯುವುದಿಲ್ಲ, ಪಡಸಾಲೆಯೇ ಗತಿ. ಮೇಲೆ ಸೀಲಿಂಗ್ ಫ್ಯಾನ್ ನೋಡಿ: ಮನೆಯ ಎತ್ತರದವರು ಕೈ ಎತ್ತಿ ಹಾರಿದರೆ ರೆಕ್ಕೆಗೆ ತಾಗುತ್ತದೆಯೇ? ತಾಗುವಂತಿದ್ದರೆ ಫ್ಯಾನ್ ಆಫ್ ಮಾಡಿಯೇ ಆಡಬೇಕು, ಮೇ ತಿಂಗಳಲ್ಲಿ ಅದು ಹತ್ತು ನಿಮಿಷವೂ ಆಗದ ಮಾತು. ಪಕ್ಕದಲ್ಲಿ ಟೇಬಲ್ ಫ್ಯಾನ್ ಇಡಿ. ಮುಖಕ್ಕೆ ಬರುವ ಗಾಳಿ ತಲೆಸುತ್ತನ್ನೂ ತಗ್ಗಿಸುತ್ತದೆ, ಯಾವ ಕಡೆ ತಿರುಗಿದ್ದೀರಿ ಎಂಬ ಅರಿವನ್ನೂ ಕೊಡುತ್ತದೆ. ಬೆವರಿಗೆ ಸ್ಪಂಜಿನ ಪಟ್ಟಿ ಬಲುಬೇಗ ಹಾಳಾಗುತ್ತದೆ, ತೊಳೆಯಬಹುದಾದ ಸಿಲಿಕೋನ್ ಕವರ್ ಹೆಡ್‌ಸೆಟ್ ಜೊತೆಗೇ ಕೊಳ್ಳಿ.

ಬಿಸಿಲು ಸೀಮೆಯಲ್ಲಿ ಹೆಡ್‌ಸೆಟ್‌ಗೆ ದೊಡ್ಡ ಅಪಾಯ ಕಿಟಕಿಯದ್ದು. ಲೆನ್ಸ್ ಮೇಲೆ ನೇರ ಬಿಸಿಲು ಬಿದ್ದರೆ ಅದು ಬೆಳಕನ್ನು ಒಂದೇ ಬಿಂದುವಿಗೆ ಸೇರಿಸಿ ಒಳಗಿನ ಪರದೆಯನ್ನು ಸುಡುತ್ತದೆ, ಕೆಲವೇ ಕ್ಷಣ ಸಾಕು, ಕಲೆ ಶಾಶ್ವತ, ವಾರಂಟಿ ಸಿಗುವುದಿಲ್ಲ. ತಲೆಯಿಂದ ತೆಗೆದ ಕೂಡಲೇ ಲೆನ್ಸ್‌ಗೆ ಬಟ್ಟೆ ಮುಚ್ಚಿ ಡಬ್ಬಿಯಲ್ಲಿಡಿ. ಮಾಳಿಗೆ ಮೇಲೆ ಹಗಲು ಆಡುವುದು ಬೇಡ. ಕತ್ತಲೆಯೂ ಆಗದು: ಕೈ, ಗೋಡೆ ಗುರುತಿಸುವ ಕ್ಯಾಮೆರಾಗಳಿಗೆ ಬೆಳಕು ಬೇಕು, ಆದ್ದರಿಂದ ಆಡುವ ಕೋಣೆಯ ದೀಪ ಇನ್ವರ್ಟರ್ ಲೈನಿನಲ್ಲಿರಲಿ.

ಮೊದಲ ವಾರ ದಿನಕ್ಕೆ ಹತ್ತು-ಹದಿನೈದು ನಿಮಿಷ ಮಾತ್ರ, ನಿಂತಲ್ಲೇ ಆಡುವ ಆಟಗಳು. ಹೊಟ್ಟೆ ತೊಳಸಿದರೆ ತಕ್ಷಣ ತೆಗೆಯಿರಿ, ತಡೆದುಕೊಂಡು ಆಡಿದರೆ ಅಭ್ಯಾಸವಾಗುವ ಬದಲು ಹೆಚ್ಚಾಗುತ್ತದೆ. ಸೋನಿಯ ಪ್ರಕಾರ 12 ವರ್ಷದೊಳಗಿನವರಿಗೆ ವಿಆರ್2 ಕೊಡಬಾರದು, ಮೆಟಾದ ಕನಿಷ್ಠ ವಯಸ್ಸು ತಂದೆತಾಯಿಯ ಮೇಲ್ವಿಚಾರಣೆಯಲ್ಲಿ 10. ಕನ್ನಡಕ ಹಾಕುವವರು ಚೌಕಟ್ಟಿನ ಅಗಲ ಅಳೆದುಕೊಂಡು ಹೋಗಿ, ಇಲ್ಲದಿದ್ದರೆ ಕನ್ನಡಕದ ಗಾಜು ಲೆನ್ಸ್‌ಗೆ ಉಜ್ಜಿ ಎರಡೂ ಗೀರಾಗುತ್ತವೆ.

ಬೆಂಗಳೂರು, ಹೈದರಾಬಾದಿನ ಮಾಲ್‌ಗಳಲ್ಲಿ ತಾಸಿನ ಲೆಕ್ಕದಲ್ಲಿ ವಿಆರ್ ಆಡಿಸುತ್ತಾರೆ. ಮನೆಯಲ್ಲಿ ಯಾರ್‍ಯಾರು ಆಡುವವರಿದ್ದಾರೋ ಅವರನ್ನೆಲ್ಲ ಅಲ್ಲಿ ಅರ್ಧ ತಾಸು ಆಡಿಸಿ ನೋಡಿ, ಆಮೇಲೆ ಕೊಳ್ಳಿ. ಬಿಲ್ ಮಾಡಿಸುವಾಗ ವಾರಂಟಿ ಕೊಡುವವರು ಕಂಪನಿಯೋ ಆಮದುದಾರರೋ ಎಂದು ಬರೆಸಿಕೊಳ್ಳಿ. ಆಮದುದಾರರಾದರೆ ಕೆಟ್ಟ ಹೆಡ್‌ಸೆಟ್ ಯಾವ ಊರಿಗೆ ಕಳಿಸಬೇಕು, ಕೊರಿಯರ್ ಖರ್ಚು ಯಾರದು ಎಂಬುದೂ ಅದೇ ಕಾಗದದ ಮೇಲೆ ಇರಲಿ.